ಅಜ್ಜ ಬಿಚ್ಚಿದ ಸೀಟು

ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಬಂದರೆ ನನಗೆ ಈಗಲೂ ಕೋಡಿಂಬಾಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜನ ಹಳೆಯ ಸ್ಪೋರ್ಟ್ಸ್ ಕಾರನ್ನು ರೇಸಿಗಾಗಿ ಹಗುರ ಮಾಡಲು ಅಮ್ಮ ಬಂಪರು, ಕಾರ್ಪೆಟ್ಟು, ಕಿಟಕಿಯ ಗಾಜು ಎಲ್ಲವನ್ನೂ ಬಿಚ್ಚಿ ಅಂಗಳದಲ್ಲಿ ಹರಡಿದ್ದಳು. ಅವಳು ಕಾರು ಓಡಿಸುವಾಗ ಅಜ್ಜ ಯಾವಾಗಲೂ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಆ ಸೀಟನ್ನು ಮಾತ್ರ ಮುಟ್ಟದೆ ನಿಂತಳು.

"ಎಂತ ನೋಡುದು? ಇದಕ್ಕೂ ಭಾರ ಉಂಟಲ್ಲ?" ಎನ್ನುತ್ತಾ ಅಜ್ಜ ತಾವೇ ಸ್ಪ್ಯಾನರ್ ಹಿಡಿದು ಬಗ್ಗಿದರು.

"ಅದು ಇರಲಿ ಅಪ್ಪ."

"ರೇಸಲ್ಲಿ ನಾನು ಎಂತಕ್ಕೆ ಮಾರಾಯ್ತಿ?"

ಸೀಟು ಹೊರಬಂತು. ಅಮ್ಮ ಒಬ್ಬಳೇ ಹೊರಟಳು. ದಿನವೂ ಏದುಸಿರು ಬಿಡುತ್ತಾ ಹತ್ತುತ್ತಿದ್ದ ರಬ್ಬರ್ ತೋಟದ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿ ಮರೆಯಾಯಿತು. ನಾನು ಬಾಯಿ ತೆರೆದು ನಿಂತಿದ್ದೆ.

ಕಾರಿನ ಹಿಂದೆ ಎದ್ದ ಧೂಳನ್ನೇ ನೋಡುತ್ತಾ ಅಜ್ಜ ಮೆಲ್ಲಗೆ ನನ್ನನ್ನು ಕೇಳಿದರು, "ನನ್ನ ಕಾರೇ ಹೌದಾ ಅದು?"