ಅಮ್ಮನ ಚಿತ್ರ

ಹೆಂಡತಿ ತೀರಿಕೊಂಡ ಮೇಲೆ ಚಿತ್ರಕಾರ ವಾಮನ ಹಸುಗೂಸು ಮಗಳನ್ನೆತ್ತಿಕೊಂಡು ಕಾರವಾರ ಬಿಟ್ಟು ಲಿಸ್ಬನ್ ಸೇರಿದ. ಅಲ್ಲಿ ಕೆಲವು ವರ್ಷ ಹೆಂಡತಿಯದೇ ಚಿತ್ರ ಬರೆದವನು ಇದ್ದಕ್ಕಿದ್ದಂತೆ ಕುಂಚ ಕೆಳಗಿಟ್ಟು ಕಾದಂಬರಿಗೆ ಕೈಹಾಕಿದ. ಹೆಂಡತಿಯ ಮಾತುಗಳೇ ತುಂಬಿದ್ದ ಆ ಕಾದಂಬರಿಗಳು ಅವನಿಗೆ ದೊಡ್ಡ ಹೆಸರು ತಂದವು. ಅವನ ಹಳೆಯ ಚಿತ್ರಗಳೆಲ್ಲ ಯಾರ‍್ಯಾರದೋ ಮನೆ ಸೇರಿದ್ದವು. ತಾಯಿಯ ಫೋಟೊ ಕೂಡ ನೋಡಿರದ ಮಗಳು ಮಂದಾಕಿನಿಗೆ ಮಾತ್ರ ಸಮಾಧಾನವಿರಲಿಲ್ಲ.

ತನ್ನ ಮದುವೆಯ ಹಿಂದಿನ ದಿನ ಅವಳು ಕ್ಯಾನ್ವಾಸ್ ತಂದು ಅಪ್ಪನ ಮುಂದಿಟ್ಟಳು.

“ಪುಸ್ತಕ ಸಾಕಪ್ಪ. ನಂಗೆ ಅಮ್ಮನ್ನ ಒಂದ್ಸಲ ನೋಡ್ಬೇಕು. ಬರೆದುಕೊಡು.”

ವಾಮನ ಮುಡಿ ಬರೆದ, ಕೊರಳು, ಸೆರಗು ಎಲ್ಲ ಬರೆದ. ಆಮೇಲೆ ಕುಂಚ ಕೆಳಗಿಟ್ಟುಬಿಟ್ಟ.

“ಯಾಕಪ್ಪ, ನಿಲ್ಲಿಸ್ಬಿಟ್ಟೆ?”

“ದನಿ ಈಗ್ಲೂ ಕಿವೀಲೇ ಇದೆ ಮಗಳೇ. ಮುಖ ಮರೆತು ಎಷ್ಟೋ ವರ್ಷ ಆಯ್ತು.”