ಓಸ್ತಿಯ ಅಂಚು

ಊರಿನ ಹಂಚಿನ ಕಾರ್ಖಾನೆ ಮುಚ್ಚಿತು. ಕಾನ್ವೆಂಟಿನ ಶಾಲೆಗೆ ಮಕ್ಕಳು ಬರುವುದೂ ನಿಂತು, ಸಿಸ್ಟರುಗಳ ಅಡುಗೆಮನೆ ಬರಿದಾಯಿತು. ಉಳಿದದ್ದು ಒಂದೇ ಕೆಲಸ: ಚರ್ಚುಗಳು ಕಳಿಸುವ ಗೋಧಿಹಿಟ್ಟನ್ನು ತೆಳ್ಳನೆಯ ಹಾಳೆಯಾಗಿ ಸುಟ್ಟು, ಬಲಿಪೂಜೆಯಲ್ಲಿ ಭಕ್ತರಿಗೆ ಪ್ರಸಾದವಾಗಿ ಕೊಡುವ ದುಂಡನೆಯ ಓಸ್ತಿ ಕತ್ತರಿಸಿಕೊಡುವುದು. ಸಿಸ್ಟರುಗಳು ಹಲಸಿನ ಬೀಜ ಬೇಯಿಸಿಕೊಂಡು ದಿನ ದೂಡುತ್ತಿದ್ದರು.

ಟೈಫಾಯ್ಡ್‌ನಿಂದ ಹಾಸಿಗೆ ಹಿಡಿದಿದ್ದ ಕಾನ್ವೆಂಟಿನ ಮುಖ್ಯಸ್ಥೆ ಮದರ್, ಡಾಕ್ಟರು ಹೇಳಿದ ಗೋಧಿ ಗಂಜಿ ಕುಡಿದು ತುಸು ಚೇತರಿಸಿಕೊಂಡರು. ಒಂದು ದಿನ ಗೋಡೆ ಹಿಡಿದುಕೊಂಡು ಕೆಲಸದ ಕೋಣೆಗೆ ಬಂದರು. ಹಿರಿಯ ಸಿಸ್ಟರ್ ಕ್ಲೊತಿಲ್ಡಾ ಆಗಷ್ಟೇ ಕತ್ತರಿಸಿದ್ದ ಮೊದಲ ಹಾಳೆಯಲ್ಲಿ ಓಸ್ತಿಗಿಂತ ಅಂಚಿನ ಚೂರೇ ಹೆಚ್ಚಿತ್ತು.

"ಇದೆಂಥ ಸಿಸ್ಟರ್, ಇಷ್ಟು ದೂರ ದೂರ ಕತ್ತರಿಸುದು? ಕಣ್ಣು ಕಾಣುದಿಲ್ವಾ?"

"ಕಾಣ್ತದೆ, ಮದರ್."

"ಹಾಗಾದ್ರೆ ಬೇಕಂತಲೇ ಮಾಡುದು. ದೇವರ ಹಿಟ್ಟನ್ನು ಹೊಟ್ಟೆಗೆ ಕದಿಲಿಕ್ಕೆ ನಾಚಿಕೆ ಆಗುದಿಲ್ವಾ ನಿಮಗೆ?"

ಕ್ಲೊತಿಲ್ಡಾ ತಲೆ ತಗ್ಗಿಸಿದರು. ಮದರ್ ಕತ್ತರಿಸುವ ಅಚ್ಚನ್ನು ಕಿತ್ತುಕೊಂಡು ತಾವೇ ಕೂತರು. ಆ ಮೊದಲ ಹಾಳೆಯ ಚೂರನ್ನೂ ಬಿಡದೆ, ಅಂಚಿಗೆ ಅಂಚು ತಾಗುವಂತೆ ಒತ್ತಿ ಒತ್ತಿ ಕತ್ತರಿಸಿದರು. ಕೆಲಸ ಮುಗಿದಾಗ ಮೇಜಿನ ಮೇಲೆ ಒಂದು ಹಿಡಿ ಚೂರೂ ಇರಲಿಲ್ಲ.

ಸಂಜೆ ಅಡುಗೆಯ ಸಿಸ್ಟರ್ ಎಂದಿನಂತೆ ಮದರ್ ಮುಂದೆ ಬಟ್ಟಲು ತಂದಿಟ್ಟರು. ಅದರಲ್ಲಿ ಬರೀ ಬಿಸಿನೀರಿತ್ತು.

"ಗಂಜಿ ಎಲ್ಲಿ?" ಎಂದರು ಮದರ್.

"ಇಷ್ಟು ದಿನ ಆ ಚೂರುಗಳನ್ನೇ ನೆನೆಸಿ ನಿಮಗೆ ಗಂಜಿ ಮಾಡ್ತಾ ಇದ್ದದ್ದು, ಮದರ್."