ಪಕ್ಕದ ಕುರ್ಚಿ

ಮೇಜಿನ ಹಿಂದೆ ಎರಡು ಕುರ್ಚಿಗಳಿದ್ದವು. ಎತ್ತರದ ಬೆನ್ನಿನ ಚರ್ಮದ ಕುರ್ಚಿ ಮೇಯರರದು. ಆಸ್ಪತ್ರೆ ಸೇರಿದ ದಿನ ಅವರು ಬಿಚ್ಚಿಟ್ಟ ಕೋಟು ಅದರ ಮೇಲೆ ಹಾಗೆಯೇ ತೂಗುತ್ತಿತ್ತು, ಅದರ ಭುಜಗಳ ಮೇಲೆ ತೆಳ್ಳನೆಯ ಧೂಳು. ಪಕ್ಕದ್ದು ಬರಿಯ ಮರದ ಕುರ್ಚಿ. ಮೇಯರ್ ಬದುಕಿರುವವರೆಗೆ ಅವರ ಪ್ರಭಾರ ಹೊತ್ತವನು ಅವರ ಕುರ್ಚಿಯಲ್ಲಿ ಕೂರಬಾರದೆಂಬುದು ಆ ಕಚೇರಿಯ ಹಳೆಯ ಪದ್ಧತಿ. ಉಪಮೇಯರ್ ಮರದ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು.

"ಬಾವಿ ಬೀದಿ ಕಟ್ಟಡ ಇವತ್ತೇ ಖಾಲಿ ಮಾಡಿಸ್ಬೇಕು ಸಾರ್. ಕಂಬ ಬಿರುಕು ಬಿಟ್ಟಿದೆ," ಎಂದರು ಎದುರಿಗೆ ನಿಂತಿದ್ದ ಎಂಜಿನಿಯರ್.

"ಅಷ್ಟು ಸಂಸಾರಗಳನ್ನ ಬೀದಿಗೆ ಹಾಕೋದು ನನ್ನ ಕೈಲಾಗಲ್ಲ. ಮೇಯರಣ್ಣ ವಾಪಸ್ ಬರ್ಲಿ, ಅವರೇ ಹೇಳ್ತಾರೆ."

"ಅಣ್ಣಂಗೆ ಹುಷಾರಿಲ್ಲ ಅಂತ ಕಂಬ ಕಾಯುತ್ತಾ ಸಾರ್?"

ಅಷ್ಟರಲ್ಲಿ ಮೇಯರರ ಪತ್ನಿ ಆಸ್ಪತ್ರೆಯಿಂದ ನೇರವಾಗಿ ಒಳಗೆ ಬಂದರು. ಉಪಮೇಯರ್ ಎದ್ದು ನಿಂತರು. "ಅತ್ತಿಗೆ, ಅಣ್ಣ ಹೇಗಿದ್ದಾರೆ?"

ಆಕೆ ಕೋಟನ್ನು ತೆಗೆದು, ಧೂಳು ಕೂಡ ಕೊಡವದೆ, ಮಡಚಿ ತೋಳಿಗೆ ಹಾಕಿಕೊಂಡರು. ಆಮೇಲೆ ಮರದ ಕುರ್ಚಿಯನ್ನು ಮೆಲ್ಲಗೆ ಎಳೆದೊಯ್ದು ಗೋಡೆಗೆ ಒರಗಿಸಿಟ್ಟರು.

"ಇನ್ಮೇಲೆ ಅವರ ಕುರ್ಚೀಲೇ ಕೂತ್ಕೊಳಪ್ಪ," ಎಂದರು. "ಆ ಕಟ್ಟಡದ್ದು ಏನಾಯ್ತು ಅಂತ ಕೊನೇವರೆಗೂ ಕೇಳ್ತಾನೇ ಇದ್ರು. ನಿಮ್ಮ ತಮ್ಮ ಆಗ್ಲೇ ಖಾಲಿ ಮಾಡಿಸಿದಾನೆ ಅಂತ ಸುಳ್ಳು ಹೇಳಿ ಕಳಿಸಿಕೊಟ್ಟೆ."

ಆಕೆ ತಿರುಗಿ ನಡೆದರು. ಉಪಮೇಯರ್ ಎತ್ತರದ ಕುರ್ಚಿಯ ತೋಳು ಹಿಡಿದು ಕುಳಿತರು. "ಖಾಲಿ ಮಾಡಿಸಿ," ಎಂದು ಎಂಜಿನಿಯರಿಗೆ ಹೇಳುವಷ್ಟರಲ್ಲಿ ಆಕೆಯ ಹಿಂದೆ ಬಾಗಿಲು ಮುಚ್ಚಿಕೊಂಡಿತ್ತು.